ಟ್ರೈನಿಂಗ್ ಫ್ರೀ, ಕೆಲಸ ಗ್ಯಾರಂಟಿ ಅಂದರೆ ನಂಬಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನಾವು ಸಕಲೇಶಪುರ ತಾಲ್ಲೂಕು ಹಾನುಬಾಳು ಕಡೆ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿದ್ದೇವೆ, ಅಂದರೆ ಕೂಲಿಯವರಿಗೆ ತೋಟದವರು ಕೊಡುವ ಸಾಲು ಮನೆ. ನನಗೆ 27 ವರ್ಷ, ಪಿಯುಸಿ ಪಾಸಾಗಿದೆ. ಇಬ್ಬರು ಮಕ್ಕಳು, ದೊಡ್ಡವಳಿಗೆ 7, ಚಿಕ್ಕವನಿಗೆ 4. ಹೋದ ವರ್ಷ ಮರಗಸಿ ಮಾಡುವಾಗ (ನೆರಳಿನ ಮರದ ಕೊಂಬೆ ಕಡಿಯುವಾಗ) ನಮ್ಮ ಯಜಮಾನರು ಸಿಲ್ವರ್ ಮರದಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಈಗ ಭಾರದ ಕೆಲಸ ಆಗುವುದಿಲ್ಲ. ಅತ್ತೆ ಇನ್ನೂ ತೋಟಕ್ಕೆ ಹೋಗುತ್ತಾರೆ. ಒಂದು ಸಂಸ್ಥೆಯವರು ಬಂದು, ಎರಡು ತಿಂಗಳು ಟೈಲರಿಂಗ್ ಟ್ರೈನಿಂಗ್ ಫ್ರೀ, ಆಮೇಲೆ ಹಾಸನದ ಗಾರ್ಮೆಂಟ್ಸಿನಲ್ಲಿ ಕೆಲಸ ಗ್ಯಾರಂಟಿ ಅಂದರು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೇಳುತ್ತಿದ್ದಾರೆ. ‘ಸುಮ್ನೆ ಯಾರಾದರೂ ಏನಾದರೂ ಕೊಡ್ತಾರಾ, ಅವರಿಗೇನು ಲಾಭ?’ ಅಂತ ಅತ್ತೆ ಕೇಳುತ್ತಾರೆ. ಸೇರಬಹುದಾ?

ಉತ್ತರ: ಮೊದಲು ನಿಮ್ಮ ಅತ್ತೆಯವರ ಪ್ರಶ್ನೆ ತಗೊಳ್ಳೋಣ. ಹಾಸನ, ಬೇಲೂರು, ಸಕಲೇಶಪುರದ ಕಡೆ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸುವ ಇಂಥದ್ದೇ ಸಂಸ್ಥೆಯ ಕೆಲಸಕ್ಕೆ ನಾನು ಬಂದು ಹದಿನೈದು ವರ್ಷದ ಮೇಲಾಯಿತು. ತರಬೇತಿಗೆ ಬರುವ ಹೆಣ್ಣುಮಕ್ಕಳು ‘ಸಂಬಳ ಎಷ್ಟು’ ಅಂತ ಕೇಳುತ್ತಾರೆ. ‘ನಿಮಗೇನು ಲಾಭ’ ಅಂತ ಕೇಳುವವರು ಅತ್ತೆಯಂದಿರು ಮಾತ್ರ. ಕೇಳಬೇಕಾದ ಪ್ರಶ್ನೆ ಅದೇ. ಅದಕ್ಕೆ ಉತ್ತರ ಗೊತ್ತಾದರೆ ಸಂಸ್ಥೆ ಎಂಥದ್ದು ಅಂತ ಅರ್ಧ ಗೊತ್ತಾದ ಹಾಗೆ.

ಫ್ರೀ ಇರುವುದು ನಿಮಗೆ. ದುಡ್ಡು ಬೇರೆ ಕಡೆಯಿಂದ ಬಂದಿರುತ್ತದೆ. ಬಹಳ ಸಲ ಸರ್ಕಾರದಿಂದ. ಹಳ್ಳಿಯ ಬಡ ಕುಟುಂಬದವರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸಲು 2014ರಲ್ಲಿ ಶುರುವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ ಇದೆ. ವಯಸ್ಸು 15ರಿಂದ 35, ಹೆಂಗಸರಿಗೆ 45ರವರೆಗೆ ಅವಕಾಶ. 2017ರಿಂದ ರಾಜ್ಯದ್ದೇ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಯೂ ಇದೆ. ಇಂಥ ಯೋಜನೆಗಳಲ್ಲಿ ತರಬೇತಿ ಕೊಡುವ ಸಂಸ್ಥೆಗೆ ತಲೆಗೆ ಇಷ್ಟು ಅಂತ ದುಡ್ಡು, ಅದೂ ಕಂತಿನಲ್ಲಿ. ಇನ್ನು ಕೆಲವು ಸಂಸ್ಥೆಗಳಿಗೆ ಕಂಪನಿಗಳು ಕೊಡುತ್ತವೆ. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಉಳಿದದ್ದು ದಾನಿಗಳದ್ದು.

ಲಾಭದ ಉದ್ದೇಶ ಇಲ್ಲದ ಸಂಸ್ಥೆ ಅಂದರೆ ಅಲ್ಲಿರುವವರೆಲ್ಲ ಪುಕ್ಕಟೆ ದುಡಿಯುತ್ತಾರೆ ಅಂತಲ್ಲ. ನನಗೂ ತಿಂಗಳಿಗೆ ಸಂಬಳ ಬರುತ್ತದೆ. ಖರ್ಚು ಕಳೆದು ಉಳಿದದ್ದನ್ನು ಯಾರೂ ಮನೆಗೆ ಹಂಚಿಕೊಂಡು ಹೋಗುವ ಹಾಗಿಲ್ಲ, ಅಷ್ಟೇ. ಅತ್ತೆಯವರಿಗೆ ಹೀಗೆ ಹೇಳಿ: ನೀವು ಕಲಿತರೆ ಅವರಿಗೆ ಒಂದು ಕಂತು, ನೀವು ಕೆಲಸಕ್ಕೆ ಸೇರಿದರೆ ಇನ್ನೊಂದು ಕಂತು. ಇದರಲ್ಲಿ ಕಳ್ಳತನ ಏನಿಲ್ಲ. ಆದರೆ ಒಂದು ತೊಡಕು ಇದೆ.

ಗ್ರಾಮೀಣ ಕೌಶಲ್ಯ ಯೋಜನೆಯಲ್ಲಿ ‘ಕೆಲಸ ಸಿಕ್ಕಿತು’ ಅಂತ ಲೆಕ್ಕಕ್ಕೆ ಬರಬೇಕಾದರೆ ಮೂರು ತಿಂಗಳು ಕೆಲಸದಲ್ಲಿರಬೇಕು. ಸಂಬಳದ ದಾಖಲೆ ತೋರಿಸಬೇಕು. ಹಾಗಾಗಿ ಮೂರು ತಿಂಗಳು ನಿಮಗೆ ಫೋನು ಮೇಲೆ ಫೋನು ಬರುತ್ತದೆ. ‘ಅಕ್ಕಾ, ಹೋಗ್ತಾ ಇದ್ದೀರಾ? ಸಂಬಳ ಆಯ್ತಾ? ಸ್ಲಿಪ್ ಕಳಿಸಿ.’ ನಾಲ್ಕನೇ ತಿಂಗಳು ಮಗನಿಗೆ ಜ್ವರ ಬಂದು ನಾಲ್ಕು ದಿನ ರಜೆಯಾಗಿ, ಸೂಪರ್‌ವೈಸರ್ ಬೈದು, ನೀವು ಫೋನ್ ಮಾಡಿದರೆ ಆ ಕಡೆ ಎತ್ತುವವರಿಲ್ಲ. ಎಲ್ಲರೂ ಹೀಗೆ ಅಂತ ಹೇಳುತ್ತಿಲ್ಲ. ದುಡ್ಡು ನಿಂತ ಮೇಲೂ ಫೋನ್ ಎತ್ತುವವರು ಇದ್ದಾರೆ. ನೀವು ಹುಡುಕಬೇಕಾದದ್ದು ಅವರನ್ನೇ.

ಕೆಲಸ ಕೊಡಿಸುವುದು ಕಷ್ಟವೇ ಅಲ್ಲ. ಹಾಸನದ ಗಾರ್ಮೆಂಟ್ಸಿನವರು ಕೈ ಬೇಕು ಅಂತ ಯಾವಾಗಲೂ ಕೇಳುತ್ತಿರುತ್ತಾರೆ. ಬೋರ್ಡು ಬರೆದು ಗೇಟಿಗೆ ತೂಗುಹಾಕಿರುತ್ತಾರೆ. ನೀವೇ ನೇರ ಹೋಗಿ ನಿಂತರೂ ಹೆಲ್ಪರ್ ಕೆಲಸ ಸಿಗಬಹುದು. ಸೇರಿದವರು ಅಲ್ಲಿ ಉಳಿಯುವ ಹಾಗೆ ಮನೆಯ ಕಡೆ ಸರಿಮಾಡಿಕೊಡುವುದೇ ಕಷ್ಟ. ಸಂಸ್ಥೆಯ ನಿಜವಾದ ಕೆಲಸ ಇರುವುದು ಅಲ್ಲಿ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ತೋಟಗಳ ಕಡೆಯ 11 ಹುಡುಗಿಯರನ್ನು ಬೆಂಗಳೂರಿನ ಒಂದು ಗಾರ್ಮೆಂಟ್ಸಿಗೆ ಕಳಿಸಿದೆವು. ಹಾಸನ ಬಸ್ ಸ್ಟ್ಯಾಂಡಿನಲ್ಲಿ ಹೂ ಕೊಟ್ಟು, ಫೋಟೊ ತೆಗೆದು ಹತ್ತಿಸಿದ್ದೆ. ಗೌರಿ ಹಬ್ಬಕ್ಕೆ ಊರಿಗೆ ಬಂದವರಲ್ಲಿ ಮುಕ್ಕಾಲು ಪಾಲು ವಾಪಸ್ ಹೋಗಲೇ ಇಲ್ಲ. ನಾನು ‘ಈಗಿನ ಹುಡುಗಿಯರಿಗೆ ಶ್ರದ್ಧೆ ಇಲ್ಲ’ ಅಂದುಕೊಂಡಿದ್ದೆ. ಒಬ್ಬಳ ಮನೆಗೆ ಹೋಗಿ ಕೂತಾಗ ಗೊತ್ತಾಯಿತು. ಹಾಸ್ಟೆಲ್ಲಿನಲ್ಲಿ ನೀರಿಲ್ಲದೆ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಕ್ಯೂ ನಿಲ್ಲುತ್ತಿದ್ದರಂತೆ. ಊಟಕ್ಕೆ, ಹಾಸ್ಟೆಲ್ಲಿಗೆ ಹಿಡಿದುಕೊಂಡ ಮೇಲೆ ಕೈಗೆ ಬಂದದ್ದು ಊರಿನ ಕೂಲಿಗಿಂತ ಜಾಸ್ತಿ ಏನಿರಲಿಲ್ಲ. ಕಳಿಸುವ ಮೊದಲು ನಾನು ಆ ಹಾಸ್ಟೆಲ್ಲನ್ನು ನೋಡಿಯೇ ಇರಲಿಲ್ಲ.

ಈಗ ಮಾರ್ಕ್ಸ್ ಕಾರ್ಡ್. ಒರಿಜಿನಲ್ ಕೊಡಬೇಡಿ. ಇದರಲ್ಲಿ ಎರಡನೇ ಮಾತಿಲ್ಲ. ಒರಿಜಿನಲ್ ನೋಡಿ, ಜೆರಾಕ್ಸ್ ತಗೊಂಡು, ಅಲ್ಲೇ ವಾಪಸ್ ಕೊಡಬೇಕು. ‘ಮಧ್ಯದಲ್ಲಿ ಬಿಟ್ಟು ಹೋಗ್ತಾರೆ, ಅದಕ್ಕೆ ಇಟ್ಕೊಳ್ತೀವಿ’ ಅಂತ ಕೆಲವರು ಹೇಳುತ್ತಾರೆ. ಬಿಟ್ಟು ಹೋಗದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ, ಅದಕ್ಕೆ ನಿಮ್ಮ ಮಾರ್ಕ್ಸ್ ಕಾರ್ಡು ಬೀಗ ಅಲ್ಲ. ಖಾಲಿ ಹಾಳೆಗೆ, ಖಾಲಿ ಬಾಂಡಿಗೆ ಸಹಿ ಹಾಕಬೇಡಿ. ನೋಂದಣಿ ಫೀಸು, ಯೂನಿಫಾರ್ಮ್ ಫೀಸು, ಕೆಲಸ ಕೊಡಿಸಿದ್ದಕ್ಕೆ ಕಮಿಷನ್ ಅಂತ ಯಾರಾದರೂ ಕೇಳಿದರೆ ಎದ್ದು ಬನ್ನಿ. ಹಾಗಂತ ಮಾರ್ಕ್ಸ್ ಕಾರ್ಡು ಕೇಳಿದ ಮಾತ್ರಕ್ಕೆ ಅವರು ಮೋಸಗಾರರು ಅಂತಲೂ ಅಲ್ಲ. ಕೊಡುವುದಿಲ್ಲ ಅಂದಾಗ ಅವರ ಮುಖ ಹೇಗಾಗುತ್ತದೆ ಅಂತ ನೋಡಿ. ‘ಸರಿ ಬಿಡಿ, ಜೆರಾಕ್ಸ್ ಸಾಕು’ ಅಂದರೆ ಮಾತು ಮುಂದುವರಿಸಬಹುದು.

ಗೋಡೆ ಮೇಲೆ ನೇತುಹಾಕಿದ ಸರ್ಟಿಫಿಕೇಟುಗಳನ್ನು ನೋಡಿ ನಂಬಬೇಡಿ. ಸಂಘ ಅಂತಲೋ ಟ್ರಸ್ಟ್ ಅಂತಲೋ ನೋಂದಣಿಯಾಗಿದೆ, ತೆರಿಗೆ ವಿನಾಯಿತಿ ಇದೆ ಅಂತ ಅದರಲ್ಲಿರುತ್ತದೆ. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲ್ಲಿನಲ್ಲಿ ಹೆಸರಿದ್ದರೆ ಒಳ್ಳೆಯದೇ. ಆದರೆ ಅದೆಲ್ಲ ಕಾಗದ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಒಂದಿದೆ. ‘ಹೋದ ವರ್ಷ ನಿಮ್ಮಿಂದ ಕೆಲಸಕ್ಕೆ ಹೋದ, ಮಕ್ಕಳಿರುವ ಮೂರು ಜನ ಹೆಂಗಸರ ಹತ್ತಿರ ಮಾತಾಡಿಸಿ’ ಅಂತ ಕೇಳಿ. ಮದುವೆಯಾಗದ ಹುಡುಗಿಯರ ನಂಬರ್ ಕೊಟ್ಟರೆ ಬೇಡ ಅನ್ನಿ. ಅವರ ದಿನಚರಿಯೇ ಬೇರೆ. ಆ ಮೂವರಿಗೆ ಫೋನ್ ಮಾಡಿದಾಗ ‘ಕೆಲಸ ಹೇಗಿದೆ’ ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ‘ಸಂಸ್ಥೆಯವರು ಕೊನೆಯ ಸಲ ನಿಮ್ಮ ಹತ್ತಿರ ಮಾತಾಡಿದ್ದು ಯಾವಾಗ’ ಅಂತ ಕೇಳಿ.

ಇನ್ನು ನಿಮ್ಮ ಮನೆಯ ವಿಷಯ. ಇದನ್ನು ಆ ಸಂಸ್ಥೆಯವರು ಕೇಳಿದರೋ ಇಲ್ಲವೋ ಗೊತ್ತಿಲ್ಲ. ಕೇಳದಿದ್ದರೆ ಅವರಿಗೆ ಮಲೆನಾಡು ಗೊತ್ತಿಲ್ಲ. ಲೈನ್ ಮನೆ ನಿಂತಿರುವುದು ತೋಟದ ಕೆಲಸದ ಮೇಲೆ. ಕೂಲಿಯವರಿಗೆ ಮನೆ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಬಂತು. ಆದರೆ ಮನೆಯಿಂದ ಯಾರೂ ಚೆಕ್‌ರೋಲಿನಲ್ಲಿ (ತೋಟದ ಹಾಜರಿ ಪುಸ್ತಕದಲ್ಲಿ) ಇಲ್ಲ ಅಂದಾಗ ತೋಟದ ಲೆಕ್ಕ ನೋಡುವ ರೈಟರ್ ಬಂದು ‘ಮನೆ ಬೇರೆಯವರಿಗೆ ಬೇಕಿತ್ತು’ ಅನ್ನುತ್ತಾರೆ. ಈಗ ಅತ್ತೆ ಕೆಲಸಕ್ಕೆ ಹೋಗುತ್ತಿರುವುದರಿಂದ ಮನೆ ಉಳಿದಿದೆ. ಯಜಮಾನರಿಗೆ ಮರ ಹತ್ತುವುದು, ಗೊಬ್ಬರ ಹೊರುವುದು ಆಗದಿರಬಹುದು. ಕಣದಲ್ಲಿ ಕಾಫಿ ಹರಡುವಲ್ಲಿ ಮೇಲ್ವಿಚಾರಣೆ, ಕಾವಲು, ಕೊಯ್ಲಿನಲ್ಲಿ ತೂಕ ಬರೆಯುವುದು, ಇಂಥದ್ದು ಆಗಬಹುದು ಅಲ್ವಾ? ನೀವು ಹಾಸನಕ್ಕೆ ಹೊರಡುವ ಮೊದಲು ಇದನ್ನು ಮಾಲೀಕರ ಹತ್ತಿರ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಒಳ್ಳೆಯ ಸಂಸ್ಥೆಯಾದರೆ ಅವರ ಕಡೆಯವರೊಬ್ಬರು ನಿಮ್ಮ ಜೊತೆ ಬಂದು ಕೂತು ಮಾತಾಡುತ್ತಾರೆ. ನಾವು ಮಾಡಿದ್ದೇವೆ. ಮಾಲೀಕರು ಕಾಫಿ ಕೊಟ್ಟು ಮಾತಾಡಿಸಿ ಕಳಿಸಿದ್ದೂ ಇದೆ, ಗೇಟಿನಲ್ಲೇ ನಿಲ್ಲಿಸಿದ್ದೂ ಇದೆ.

ಯಜಮಾನರು ಬಿದ್ದದ್ದನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರದಲ್ಲಿ ದೊಡ್ಡದಾಗಿ ಕಂಡದ್ದೇ ಅದು. ಕೆಲಸ ಮಾಡುವಾಗ ಪೆಟ್ಟಾದರೆ ಮಾಲೀಕರು ಪರಿಹಾರ ಕೊಡಬೇಕು ಅನ್ನುವ ಕಾನೂನು 1923ರಿಂದಲೂ ಇದೆ. ಆಸ್ಪತ್ರೆಗೆ ಸ್ವಲ್ಪ ದುಡ್ಡು ಕೊಟ್ಟರು ಅಂದ ಮಾತ್ರಕ್ಕೆ ಅದು ತೀರಿತು ಅಂತಲ್ಲ. ಎಷ್ಟು ಪರಿಹಾರ ಅನ್ನುವುದು ವಯಸ್ಸು, ಕೂಲಿ, ದುಡಿಯುವ ಶಕ್ತಿ ಎಷ್ಟು ಹೋಗಿದೆ ಅನ್ನುವುದರ ಮೇಲೆ ಲೆಕ್ಕ ಹಾಕುತ್ತಾರೆ. ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಎಕ್ಸ್‌ರೇ, ಆ ವಾರದ ಚೆಕ್‌ರೋಲಿನ ಫೋಟೊ ಸಿಕ್ಕರೆ ಅದು, ಜೊತೆಯಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು, ಇಷ್ಟನ್ನು ಒಂದು ಕವರಿನಲ್ಲಿ ಹಾಕಿಡಿ. ಸಕಲೇಶಪುರದ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ನಿಮ್ಮಂಥ ಕುಟುಂಬಕ್ಕೆ ಅಲ್ಲಿ ವಕೀಲರ ಫೀಸಿಲ್ಲ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಇಂಥ ಅರ್ಜಿಗೆ ಕಾಲದ ಮಿತಿ ಇರುತ್ತದೆ. ಹೋದ ವರ್ಷದ ಮಾತು ಅಂದಿರಿ, ಇನ್ನು ತಡ ಮಾಡಬೇಡಿ. ಸರ್ಕಾರಿ ವೈದ್ಯರು ಅಂಗವಿಕಲತೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಬರೆದುಕೊಟ್ಟರೆ ಬೇರೆ ಸೌಲಭ್ಯಗಳಿಗೂ ದಾರಿಯಾಗುತ್ತದೆ. ಮಾಲೀಕರ ಜೊತೆ ಮನಸ್ತಾಪವಾದರೆ ಮನೆ ಹೋಗುತ್ತದೆ ಅನ್ನುವ ಹೆದರಿಕೆ ನಿಮಗಿರುತ್ತದೆ, ಗೊತ್ತು. ಅದಕ್ಕೇ ಮೊದಲು ವಕೀಲರ ಹತ್ತಿರ ಮಾತಾಡಿ, ಆಮೇಲೆ ಯಾವುದನ್ನು ಮೊದಲು ಕೇಳಬೇಕು ಅಂತ ನಿರ್ಧಾರ ಮಾಡಿ.

ಈಗ ಗಾರ್ಮೆಂಟ್ಸಿಗೆ ಬರೋಣ. ಟ್ರೈನಿಂಗ್ ಸೆಂಟರಿಗೆ ಹೋದಾಗ ಮಿಷನ್ ನೋಡಿ. ಕಾಲಲ್ಲಿ ತುಳಿಯುವ ಮನೆ ಮಿಷನ್ ಸಾಲಾಗಿ ಇಟ್ಟಿದ್ದರೆ ಅದು ರವಿಕೆ ಹೊಲಿಯುವ ಕ್ಲಾಸು. ಫ್ಯಾಕ್ಟರಿಯಲ್ಲಿರುವುದು ಮೋಟಾರಿನ ಪವರ್ ಮಿಷನ್. ಪೆಡಲ್ ಸ್ವಲ್ಪ ಒತ್ತಿದರೂ ಬಟ್ಟೆ ಓಡಿಹೋಗುತ್ತದೆ. ಅದನ್ನು ಹಿಡಿತಕ್ಕೆ ತರಲೆಂದೇ ಮೊದಲ ವಾರ ಬಟ್ಟೆ ಕೊಡುವುದಿಲ್ಲ. ಬಿಳಿ ಹಾಳೆ ಮೇಲೆ ನೇರ ಗೆರೆ, ಅಂಕುಡೊಂಕು ಗೆರೆ, ಸುರುಳಿ ಬರೆದಿರುತ್ತಾರೆ. ದಾರ ಹಾಕದ ಸೂಜಿಯಲ್ಲಿ ಆ ಗೆರೆ ಮೇಲೇ ಹೊಲಿಯಬೇಕು. ಹಾಳೆಯನ್ನು ಬೆಳಕಿಗೆ ಹಿಡಿದರೆ ತೂತುಗಳು ಗೆರೆ ಮೇಲಿವೆಯೋ ಪಕ್ಕಕ್ಕೆ ಓಡಿವೆಯೋ ಕಾಣುತ್ತದೆ. ಮೂರನೇ ದಿನ ಒಬ್ಬಳ ಹಾಳೆ ಸರಿಯಾಗಿ ಬಂದರೆ ಇಡೀ ಬ್ಯಾಚು ಸುತ್ತ ನಿಂತು ನೋಡುತ್ತದೆ. ಇಂಥ ಹಾಳೆಗಳ ಕಟ್ಟು ಸೆಂಟರಿನ ಮೂಲೆಯಲ್ಲಿ ಕಂಡರೆ ಅಲ್ಲಿ ನಿಜವಾಗಿ ಕಲಿಸುತ್ತಾರೆ ಅಂತ ತಿಳಿಯಿರಿ.

ನಿಮ್ಮದು ಪಿಯುಸಿ ಆಗಿದೆ. ಬ್ಯಾಚ್ ತುಂಬಿಸುವ ಆತುರದಲ್ಲಿ ಎಲ್ಲರನ್ನೂ ಟೈಲರ್ ಅಂತಲೇ ಬರೆದುಕೊಳ್ಳುತ್ತಾರೆ. ಫ್ಯಾಕ್ಟರಿಯಲ್ಲಿ ಚೆಕಿಂಗ್ ಇದೆ, ಸ್ಟೋರ್ ಇದೆ, ಲೈನಿನ, ಅಂದರೆ ಮಿಷನ್ ಸಾಲಿನ, ಲೆಕ್ಕ ಬರೆಯುವ ಕೆಲಸ ಇದೆ. ಓದು ಬರಹ ಚೆನ್ನಾಗಿ ಬರುವವರಿಗೆ ಅದು ಸಿಗಬಹುದು. ಟಾರ್ಗೆಟ್ಟಿನ ಒತ್ತಡ ಅಲ್ಲೂ ಇದೆ, ಆದರೆ ಗಂಟೆಗೆ ಇಷ್ಟು ಪೀಸ್ ಅಂತ ತಲೆ ಮೇಲೆ ನಿಲ್ಲುವುದು ಸ್ವಲ್ಪ ಕಡಿಮೆ. ಇದನ್ನು ಮೊದಲ ದಿನವೇ ಕೇಳಿ. ಇಲ್ಲದಿದ್ದರೆ ಲೈನ್ ಮನೆ ಬಿಟ್ಟು ಇನ್ನೊಂದು ಲೈನಿಗೆ ಹೋಗಿ ಕೂತ ಹಾಗಾಗುತ್ತದೆ.

ಸಂಬಳದ ವಿಷಯದಲ್ಲಿ ಹೆಚ್ಚು ಜಗಳ ಆಗುವುದು ಮೊದಲ ತಿಂಗಳು. ‘ಹನ್ನೆರಡು ಸಾವಿರ ಅಂದಿದ್ರು, ಬಂದದ್ದು ಹತ್ತೂವರೆನೂ ಇಲ್ಲ, ಮೋಸ’ ಅಂತ ಬಿಟ್ಟುಬರುತ್ತಾರೆ. ಮೋಸ ಅಲ್ಲ, ಯಾರೂ ಕೂರಿಸಿ ಹೇಳಿರುವುದಿಲ್ಲ. ಲೆಕ್ಕಕ್ಕೆ ಸಂಬಳ 12,000 ಅಂತ ಇಟ್ಟುಕೊಳ್ಳಿ. ಪಿಎಫ್ ಶೇ. 12, ಅಂದರೆ 1,440 ರೂಪಾಯಿ. ಕಾರ್ಮಿಕರ ಆರೋಗ್ಯ ವಿಮೆಯ ಇಎಸ್‌ಐ ಶೇ. 0.75, ಅಂದರೆ 90 ರೂಪಾಯಿ. ಕೈಗೆ 10,470. ಇದರ ಮೇಲೆ ಕ್ಯಾಂಟೀನು, ಗಾಡಿ ಅಂತ ಹಿಡಿದರೆ ಇನ್ನೂ ಇಳಿಯುತ್ತದೆ. ಅದನ್ನು ಸೇರುವ ಮೊದಲೇ ಕೇಳಿ ಬರೆದುಕೊಳ್ಳಿ. ಆದರೆ ಆ 1,440 ಎಲ್ಲೂ ಹೋಗಿಲ್ಲ. ಅಷ್ಟೇ ದುಡ್ಡು ಮಾಲೀಕರೂ ಹಾಕಬೇಕು. ಅವರದ್ದರಲ್ಲಿ ಶೇ. 8.33 ಪಿಂಚಣಿ ಖಾತೆಗೆ, ಉಳಿದ ಶೇ. 3.67 ನಿಮ್ಮ ಪಿಎಫ್‌ಗೆ. ಇಎಸ್‌ಐಗೆ ಅವರು ಶೇ. 3.25 ಕಟ್ಟುತ್ತಾರೆ. ನೀವು ತಿಂಗಳಿಗೆ ಕಟ್ಟುವ 90 ರೂಪಾಯಿಗೆ ನಿಮಗೆ, ಯಜಮಾನರಿಗೆ, ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ. ಸೊಂಟದ ನೋವಿನವರು ಮನೆಯಲ್ಲಿರುವಾಗ ಇದು ಸಣ್ಣದಲ್ಲ.

ನಾವು ಮೊದಲ ಸಂಬಳದ ಭಾನುವಾರ ಎಲ್ಲರನ್ನೂ ಸ್ಲಿಪ್ ಹಿಡಿದು ಬರಹೇಳುತ್ತಿದ್ದೆವು. ಒಬ್ಬೊಬ್ಬರಾಗಿ ಜೋರಾಗಿ ಓದಬೇಕು. ಒಮ್ಮೆ ಒಬ್ಬಾಕೆ ಓದುತ್ತಾ ‘ಹಾಜರಿ 22’ ಅನ್ನುವಲ್ಲಿ ನಿಂತುಬಿಟ್ಟಳು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಗುರುತು ಹಾಕಿದ್ದು 24. ಸೋಮವಾರ ಹೋಗಿ ಕೇಳಿದಳು, ಮುಂದಿನ ತಿಂಗಳು ಎರಡು ದಿನದ ದುಡ್ಡು ಸೇರಿ ಬಂತು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರೇ ಸಾಕು, ನೀವೂ ಹಾಗೆ ಗುರುತು ಹಾಕಿ.

ಸೇರುವ ಮೊದಲು ಇನ್ನೊಂದು ಸಣ್ಣ ಕೆಲಸ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಹೆಸರು ನೋಡಿ. ಒಂದರಲ್ಲಿ ಅಪ್ಪನ ಇನಿಷಿಯಲ್, ಇನ್ನೊಂದರಲ್ಲಿ ಗಂಡನ ಹೆಸರು, ಮತ್ತೊಂದರಲ್ಲಿ ಹುಟ್ಟಿದ ದಿನ 1-1. ಮದುವೆಯಾದ ಹೆಂಗಸರಲ್ಲಿ ಇದು ಬಹಳ. ಇದರಿಂದಲೇ ಪಿಎಫ್ ದುಡ್ಡು ಬೇಕಾದಾಗ ಕೈಗೆ ಬರುವುದಿಲ್ಲ. ಯಾವ ಸಂಸ್ಥೆ ಇದನ್ನು ಮೊದಲೇ ನೋಡಿ ಸರಿಮಾಡಿಸುತ್ತದೋ ಅವರಿಗೆ ಕೆಲಸ ಗೊತ್ತಿದೆ.

ರೇಷನ್ ಕಾರ್ಡ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಬಿಪಿಎಲ್ ಕಾರ್ಡಿಗೆ ನಮ್ಮ ರಾಜ್ಯದಲ್ಲಿ ವರ್ಷದ ಆದಾಯದ ಮಿತಿ 1.20 ಲಕ್ಷ ರೂಪಾಯಿ. ತಿಂಗಳಿಗೆ 12,000 ಅಂದರೆ ವರ್ಷಕ್ಕೆ 1.44 ಲಕ್ಷ. ಅತ್ತೆಯವರ ಕೂಲಿ ಬೇರೆ. ಕಾರ್ಡು ಹೋದರೆ ಅಕ್ಕಿ ಹೋಗುತ್ತದೆ. ಆರೋಗ್ಯ ಕಾರ್ಡಿನಲ್ಲಿ ಬಿಪಿಎಲ್‌ನವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಇರುವ ಚಿಕಿತ್ಸೆಯೂ ಕಡಿಮೆಯಾಗುತ್ತದೆ. ಅದರ ಬದಲಿಗೆ ಇಎಸ್‌ಐ ಬರುತ್ತದೆ. ಆದರೆ ಅದು ನೀವು ಕೆಲಸದಲ್ಲಿ ಇರುವವರೆಗೆ. ಗೃಹಲಕ್ಷ್ಮಿಯ 2,000 ನಿಲ್ಲುವುದು ಮನೆಯೊಡತಿ ಅಥವಾ ಗಂಡ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾದರೆ. ಪಿಎಫ್ ಇದೆ ಅಂತ ಅದು ನಿಲ್ಲುವುದಿಲ್ಲ. ಕೆಲಸಕ್ಕೆ ಹೋಗಬೇಡಿ ಅಂತ ಹೇಳಲು ಇದನ್ನೆಲ್ಲ ಬರೆಯುತ್ತಿಲ್ಲ. ಬರುವುದು ಎಷ್ಟು, ಹೋಗುವುದು ಎಷ್ಟು ಅಂತ ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ನೋಡಬೇಕು. ಸಂಸ್ಥೆಯವರು ಒಂದೇ ಸಾಲು ಬರೆದು ತೋರಿಸಿದರೆ ಇನ್ನೊಂದನ್ನು ನೀವೇ ಬರೆಯಿರಿ.

ಮಕ್ಕಳ ವಿಷಯ. ಚಿಕ್ಕವನ ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಗಿಯುತ್ತದೆ. ನೀವು ಮನೆ ಸೇರುವುದು ಏಳೋ ಎಂಟೋ. ಯಜಮಾನರು ಮನೆಯಲ್ಲಿರುವುದರಿಂದ ನಿಮಗೆ ಅಷ್ಟರಮಟ್ಟಿಗೆ ನೆಮ್ಮದಿ. 50 ಮತ್ತು ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಕಡೆ ಮಕ್ಕಳನ್ನು ನೋಡಿಕೊಳ್ಳುವ ಕೋಣೆ ಇರಬೇಕು ಅಂತ ಕಾನೂನಿದೆ. ಆದರೆ ಹಾನುಬಾಳಿನಿಂದ ಹಾಸನದವರೆಗೆ ನಾಲ್ಕು ವರ್ಷದ ಮಗುವನ್ನು ದಿನಾ ಹೊತ್ತು ತರುವವರನ್ನು ನಾನಂತೂ ನೋಡಿಲ್ಲ. ಪಂಚಾಯಿತಿಗಳಲ್ಲಿ ಮಕ್ಕಳನ್ನು ನೋಡಿಕೊಳ್ಳುವ ‘ಕೂಸಿನ ಮನೆ’ ಅಂತ ಶುರುವಾಗಿವೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ, ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಅಂತ ಕೇಳಿ ನೋಡಿ. ಇದಕ್ಕಿಂತ ಮುಖ್ಯವಾದದ್ದು ಯಜಮಾನರ ಜೊತೆ ಮಾತು. ಅನ್ನ ಮಾಡುವುದು, ಮಗುವಿಗೆ ಸ್ನಾನ ಮಾಡಿಸುವುದು ಅವರ ಪಾಲಿಗೆ ಬರುತ್ತದೆ. ಬಾಯಲ್ಲಿ ಹೂಂ ಅಂದ ಗಂಡಸರು ಎರಡನೇ ವಾರಕ್ಕೆ ಮುಖ ಗಂಟಿಕ್ಕುವುದನ್ನು ಬೇಕಾದಷ್ಟು ನೋಡಿದ್ದೇನೆ. ನಾವು ಬ್ಯಾಚ್ ಶುರುವಾಗುವ ಮೊದಲು ಮನೆಯವರ ಸಭೆ ಅಂತ ಕರೆಯುವುದು ಅದಕ್ಕೇ. ಗಂಡಂದಿರು ಹಿಂದಿನ ಸಾಲಿನಲ್ಲಿ ಕೂರುತ್ತಾರೆ.

ತೋಟದವರಿಗೆ ಇನ್ನೊಂದು ತೊಡಕು ಕೊಯ್ಲಿನ ಕಾಲ. ಅರೇಬಿಕಾ ಹಣ್ಣು ನವೆಂಬರ್‌ನಿಂದ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಕೆ.ಜಿ. ಲೆಕ್ಕದಲ್ಲಿ ಕೊಯ್ಯುವಾಗ ಕೈ ಚುರುಕಿರುವವರು ಫ್ಯಾಕ್ಟರಿಯ ಹೊಸ ಸಂಬಳಕ್ಕಿಂತ ಜಾಸ್ತಿ ದುಡಿಯುತ್ತಾರೆ. ನವೆಂಬರ್‌ನಲ್ಲಿ ಬ್ಯಾಚ್ ಶುರು ಮಾಡಿ, ಜನವರಿಯಲ್ಲಿ ಬೆಂಚು ಖಾಲಿಯಾದಾಗ ‘ಇವರಿಗೆ ಆಸಕ್ತಿ ಇಲ್ಲ’ ಅನ್ನುವ ಸಂಸ್ಥೆಗಳಿವೆ. ನಿಮ್ಮನ್ನು ಕೇಳಿದರೆ ಮಾರ್ಚ್ ಬ್ಯಾಚ್ ಅನ್ನಿ. ಕೊಯ್ಲಿನ ದುಡ್ಡು ಕೈಯಲ್ಲಿರುತ್ತದೆ, ತರಬೇತಿಯ ಎರಡು ತಿಂಗಳು ಸಂಬಳವಿಲ್ಲದೆ ಕಳೆಯಲು ಅದು ಬೇಕು. ಮಳೆ ಹಿಡಿಯುವಷ್ಟರಲ್ಲಿ ಕೆಲಸಕ್ಕೂ ಸೇರಿರುತ್ತೀರಿ.

ಗಾರ್ಮೆಂಟ್ಸೇ ಆಗಬೇಕಾ? ನನಗೆ ಅನುಮಾನ. ಅಂಗನವಾಡಿ ಕಾರ್ಯಕರ್ತೆಗೆ ಈಗ ರಾಜ್ಯದಲ್ಲಿ ಕೇಳುವುದು ಪಿಯುಸಿ. ವಯಸ್ಸು 19ರಿಂದ 35, ಅದೇ ಊರಿನವರಾಗಿರಬೇಕು. ನಿಮ್ಮ ಕಡೆ ಜಾಗ ಖಾಲಿ ಬಿದ್ದಾಗ ಅರ್ಜಿ ಹಾಕಲು ಸಕಲೇಶಪುರದ ಶಿಶು ಅಭಿವೃದ್ಧಿ ಕಚೇರಿಯಲ್ಲಿ ವಿಚಾರಿಸುತ್ತಿರಿ. ಗೌರವಧನ ಕಡಿಮೆ, ಆದರೆ ಮನೆ ಬಾಗಿಲಲ್ಲೇ ಕೆಲಸ. ಸ್ತ್ರೀಶಕ್ತಿ, ಸಂಜೀವಿನಿ ಅಂತ ಹೆಂಗಸರ ಸ್ವಸಹಾಯ ಸಂಘಗಳಲ್ಲಿ ಇದ್ದೀರಾ? ಸಂಜೀವಿನಿಯ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರರು ಅಂತ ಇರುತ್ತಾರೆ. ಲೆಕ್ಕ ಬರುವ ಹೆಂಗಸರಿಗೆ ಅದು ಒಳ್ಳೆಯ ಮೆಟ್ಟಿಲು. ಸಕಲೇಶಪುರದ ಸುತ್ತ ಹೋಂಸ್ಟೇಗಳು ಎಷ್ಟಾಗಿವೆ ನೋಡಿದ್ದೀರಲ್ಲ. ಅಡುಗೆ, ರೂಮಿನ ಕೆಲಸದ ಜೊತೆ ಬುಕಿಂಗ್ ನೋಡಿಕೊಳ್ಳುವವರೂ ಬೇಕು. ಆದರೆ ಅಲ್ಲಿ ಪಿಎಫ್ ಅಪರೂಪ, ಮಳೆಗಾಲದಲ್ಲಿ ಕೆಲಸವೂ ಅಪರೂಪ.

ಸ್ವಂತ ಕೆಲಸ ಮಾಡುವ ಮನಸ್ಸಿದ್ದರೆ ಬ್ಯಾಂಕಿನವರು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಹಾಸನದಲ್ಲಿ ಇದೆ. ಇದರ ಬೇರು ನಮ್ಮ ಪಕ್ಕದ ಉಜಿರೆಯಲ್ಲಿ. 1982ರಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ ರುಡ್‌ಸೆಟಿ ಅನ್ನುವ ತರಬೇತಿ ಸಂಸ್ಥೆ ಶುರು ಮಾಡಿದರು. ಆಮೇಲೆ ಕೇಂದ್ರ ಸರ್ಕಾರ ಅದನ್ನೇ ಮಾದರಿಯಾಗಿ ಇಟ್ಟುಕೊಂಡು ದೇಶಕ್ಕೆಲ್ಲ ಹಬ್ಬಿಸಿತು. ಊಟ, ವಸತಿ, ತರಬೇತಿ ಉಚಿತ. ನನಗೆ ಇಷ್ಟವಾಗುವುದು ಬೇರೆ ವಿಷಯ. ತರಬೇತಿ ಮುಗಿದ ಮೇಲೂ ಎರಡು ವರ್ಷ ಕಲಿತವರನ್ನು ವಿಚಾರಿಸಿಕೊಳ್ಳಬೇಕು ಅನ್ನುವುದು ಅವರ ನಿಯಮದಲ್ಲೇ ಇದೆ, ಬ್ಯಾಂಕ್ ಸಾಲಕ್ಕೂ ಜೋಡಿಸುತ್ತಾರೆ. ಆದರೆ ದಯವಿಟ್ಟು ಲೈನ್ ಮನೆಯಲ್ಲಿ ಕೂತು ರವಿಕೆ ಹೊಲಿದು ಸಂಸಾರ ನಡೆಸುತ್ತೇನೆ ಅಂತ ಹೊರಡಬೇಡಿ. ಸುತ್ತ ಇರುವವರೂ ಕೂಲಿಯವರೇ, ವರ್ಷಕ್ಕೆ ಎಷ್ಟು ರವಿಕೆ ಹೊಲಿಸುತ್ತಾರೆ? ವೇದಿಕೆ ಮೇಲೆ ಹೊಲಿಗೆ ಮಿಷನ್ ಹಂಚಿ ಫೋಟೊ ತೆಗೆದ ಕಾರ್ಯಕ್ರಮಗಳಿಗೆ ನಾನೂ ಹೋಗಿದ್ದೇನೆ. ಆ ಮಿಷನ್‌ಗಳಲ್ಲಿ ಎಷ್ಟೋ ಈಗ ಮಂಚದ ಪಕ್ಕ ಬಟ್ಟೆ ಪೇರಿಸುವ ಮೇಜಾಗಿವೆ. ಯಜಮಾನರೇ ಬ್ಯಾಂಕಿನವರ ಈ ತರಬೇತಿ ಸಂಸ್ಥೆಗೆ ಹೋಗಿ ಕೂತು ಮಾಡುವ ಕೆಲಸ ಕಲಿಯಬಹುದು, ಮೊಬೈಲ್ ರಿಪೇರಿಯಂಥದ್ದು. ಕೆಲಸ ಬೇಕಾದವರು ನೀವೊಬ್ಬರೇ ಅಲ್ಲವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಹಾಸನವೇ ಆಗಲಿ ಅಂತ ಅನಿಸಿದರೆ, ಹೆಸರು ಬರೆಸುವ ಮೊದಲು ಒಂದು ದಿನ ಸುಮ್ನೆ ಹೋಗಿ ಬನ್ನಿ. ಊರಿನ ಮೊದಲ ಬಸ್ಸು ಹತ್ತಿ ಸಕಲೇಶಪುರ, ಅಲ್ಲಿಂದ ಹಾಸನ ಸುಮಾರು 40 ಕಿ.ಮೀ. ಆಧಾರ್ ಇಟ್ಟುಕೊಂಡಿರಿ. ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಖಾಸಗಿ ಬಸ್ಸಿಗೆ ಕೊಡಬೇಕು. ಫ್ಯಾಕ್ಟರಿ ಗೇಟಿನ ಮುಂದೆ ಶಿಫ್ಟ್ ಶುರುವಾಗುವ ಹೊತ್ತಿಗೆ ತಲುಪಿದಿರಾ ನೋಡಿ. ಕಂಪನಿ ಗಾಡಿ ಎಲ್ಲಿಯವರೆಗೆ ಬರುತ್ತದೆ ಅಂತ ಗಾಡಿಯ ಡ್ರೈವರನ್ನೇ ಕೇಳಿ, ಆಫೀಸಿನವರನ್ನಲ್ಲ. ಶಿಫ್ಟ್ ಬಿಡುವವರೆಗೆ ಹಾಸನದಲ್ಲೇ ಇದ್ದು, ಆ ಹೆಂಗಸರ ಜೊತೆಯಲ್ಲೇ ಬಸ್ಸು ಹತ್ತಿ ವಾಪಸ್ ಬನ್ನಿ. ಸಕಲೇಶಪುರದಲ್ಲಿ ಇಳಿದಾಗ ನಿಮ್ಮ ಊರಿನ ಕಡೆ ಕೊನೆಯ ಬಸ್ಸು ಇನ್ನೂ ನಿಂತಿದೆಯಾ, ಹೊರಟುಹೋಗಿದೆಯಾ ಅಂತ ನೋಡಿ. ಹೊರಟುಹೋಗಿದ್ದರೆ ಸಂಸ್ಥೆಯವರಿಗೆ ಅಲ್ಲಿಂದಲೇ ಫೋನ್ ಮಾಡಿ, ‘ನಾಳೆ ಕೆಲಸಕ್ಕೆ ಸೇರಿದರೆ ಈ ಹೊತ್ತಿನಲ್ಲಿ ನಾನು ಮನೆಗೆ ಹೇಗೆ ಹೋಗಲಿ’ ಅಂತ ಕೇಳಿ.